ಮೊದಲ ರಿಗ್, ಮೊದಲ ಕ್ಯಾನೊಪಿ: 150 ಚದರ ಅಡಿ ನನಗೆ ಚಿಕ್ಕದಾಗುವುದೇ?

ಹೊಸರೆಕ್ಕೆ:

ಎಲ್ಲರಿಗೂ ನಮಸ್ಕಾರ. ಸ್ಕೈಡೈವಿಂಗ್ ಲೈಸೆನ್ಸ್ ಕೈಗೆ ಬಂದು ಹೆಚ್ಚು ದಿನವಾಗಿಲ್ಲ. ಲಾಗ್‌ಬುಕ್‌ನಲ್ಲಿ ಈವರೆಗೆ 38 ಜಿಗಿತಗಳಿವೆ. ತರಬೇತಿಯನ್ನು 260 ಚದರ ಅಡಿಯ ಕ್ಯಾನೊಪಿಯಲ್ಲಿ (ಪ್ಯಾರಾಶೂಟಿನ ಬಟ್ಟೆಯ ರೆಕ್ಕೆ) ಆರಂಭಿಸಿದ್ದೆ, ಈಗ ಬಾಡಿಗೆಯ 230ರಲ್ಲಿ ಹಾರುತ್ತಿದ್ದೇನೆ. ನನ್ನ ಮೈತೂಕ 79 ಕಿಲೋ. ಜಂಪ್‌ಸೂಟ್, ಹೆಲ್ಮೆಟ್, ರಿಗ್ (ಬೆನ್ನಿಗೆ ಕಟ್ಟುವ ಇಡೀ ಪ್ಯಾರಾಶೂಟ್ ಸಲಕರಣೆ) ಎಲ್ಲವನ್ನೂ ತೊಟ್ಟು ತಕ್ಕಡಿಯ ಮೇಲೆ ನಿಂತರೆ 92 ಕಿಲೋ ತೋರಿಸುತ್ತದೆ.

ಪ್ರತಿ ಸಲ ಯಾರೋ ಹೊಂದಿಸಿಟ್ಟ ಹಾರ್ನೆಸ್ಸನ್ನು ಎಳೆದಾಡಿ ನನ್ನ ಮೈಗೆ ಕೂಡಿಸಿಕೊಂಡು ಸಾಕಾಗಿದೆ. ಈ ಕ್ರೀಡೆಯನ್ನು ಬಿಡುತ್ತಿರುವ ಒಬ್ಬರು ತಮ್ಮ ಇಡೀ ರಿಗ್ಗನ್ನು ಮಾರಲು ಸಿದ್ಧರಿದ್ದಾರೆ. ಮುಖ್ಯ ಕ್ಯಾನೊಪಿ ಒಂಬತ್ತು ಸೆಲ್ಲಿನ (ಗಾಳಿ ತುಂಬುವ ಕೋಣೆಗಳ) 150, ರಿಸರ್ವ್ ಅಂದರೆ ತುರ್ತು ಕ್ಯಾನೊಪಿ 143, ಇವನ್ನು ಮಡಚಿಡುವ ಕಂಟೇನರ್ ಇವೆರಡರ ಅಳತೆಗೇ ಹೊಲಿಸಿದ್ದು, ಜೊತೆಗೆ ಇನ್ನೂ ಆಯಸ್ಸಿರುವ ಎಎಡಿ (ತುರ್ತಿನಲ್ಲಿ ರಿಸರ್ವನ್ನು ತಾನಾಗಿ ತೆರೆಸುವ ಸಾಧನ) ಸಹ ಇದೆ. "ನೂರು ಜಿಗಿತ ಮುಗಿಯುವಷ್ಟರಲ್ಲಿ ಹೇಗೂ ಈ ಅಳತೆಗೆ ಬಂದೇ ಬರುತ್ತೀರಿ, ಒಂದೇ ವಸ್ತುವನ್ನು ಎರಡು ಸಲ ಏಕೆ ಕೊಳ್ಳುತ್ತೀರಿ?" ಎಂಬುದು ಅವರ ವಾದ. ನನ್ನ ಕಳೆದ ಹತ್ತು ಲ್ಯಾಂಡಿಂಗ್‌ಗಳಲ್ಲಿ ಎಂಟರಲ್ಲಿ ನಿಂತೇ ಇಳಿದಿದ್ದೇನೆ. ಕೊಳ್ಳಬಹುದೇ?

ಹಳೆಯ ರಿಗ್ಗರ್:

ಹೊಸರೆಕ್ಕೆ ಅವರೇ, ರಿಗ್ ಸಮೇತ ತಕ್ಕಡಿ ಹತ್ತಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಈ ಪ್ರಶ್ನೆ ಕೇಳುವ ಬಹಳಷ್ಟು ಜನ ಬರಿಮೈಯ ತೂಕವನ್ನು ಹೇಳಿ, ಅದರಲ್ಲೂ ಎರಡು ಕಿಲೋ ಕದ್ದಿಟ್ಟುಕೊಂಡು, ಆಮೇಲೆ ಲೆಕ್ಕ ಹಾಕಿ ಎನ್ನುತ್ತಾರೆ.

ವಿಮಾನದಿಂದ ಹೊರಬೀಳುವ ಒಟ್ಟು ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು, ಕ್ಯಾನೊಪಿಯ ಚದರ ಅಡಿಯಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ವಿಂಗ್ ಲೋಡಿಂಗ್. ನಿಮ್ಮ 92 ಕಿಲೋ ಎಂದರೆ ಸುಮಾರು 203 ಪೌಂಡು. ಈಗಿನ 230ರಲ್ಲಿ ಅದು 0.88 ಆಗುತ್ತದೆ, 210ರಲ್ಲಿ 0.97, 190ರಲ್ಲಿ 1.07, 170ರಲ್ಲಿ 1.19, ನಿಮಗೆ ತೋರಿಸಿರುವ 150ರಲ್ಲಿ 1.35. ಕಾಗದದ ಮೇಲೆ ಈ ಅಂತರ ಸಣ್ಣದೆನಿಸುತ್ತದೆ. ಆದರೆ ಕ್ಯಾನೊಪಿಯ ವೇಗ ವಿಂಗ್ ಲೋಡಿಂಗ್‌ನ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ, 0.88ರಿಂದ 1.35ಕ್ಕೆ ಹೋದಾಗ ನೀವು ಹೆಚ್ಚುಕಡಿಮೆ ಕಾಲುಭಾಗ ಹೆಚ್ಚು ವೇಗದಲ್ಲಿ ನೆಲದತ್ತ ಬರುತ್ತೀರಿ, ಮತ್ತು ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಫ್ಲೇರ್ (ನೆಲ ಮುಟ್ಟುವ ಮೊದಲು ಎರಡೂ ಬ್ರೇಕ್ ಎಳೆದು ವೇಗ ತಗ್ಗಿಸುವುದು) ತಪ್ಪಿದ ದಿನ ನಿಮ್ಮ ಕಾಲು ತಡೆದುಕೊಳ್ಳಬೇಕಾದ ಶಕ್ತಿ ಈಗಿನ ಒಂದೂವರೆಪಟ್ಟು ಆಗಿರುತ್ತದೆ.

ವೇಗ ಮಾತ್ರವೇ ಆಗಿದ್ದರೆ ಅಭ್ಯಾಸದಿಂದ ಹೊಂದಿಕೊಳ್ಳಬಹುದಿತ್ತು. ಕ್ಯಾನೊಪಿ ಚಿಕ್ಕದಾದಂತೆ ನಿಮ್ಮನ್ನು ರೆಕ್ಕೆಗೆ ತೂಗುಹಾಕುವ ಲೈನ್‌ಗಳೂ ಗಿಡ್ಡವಾಗುತ್ತವೆ, ನೀವು ರೆಕ್ಕೆಗೆ ಹತ್ತಿರವಾಗಿ ತೂಗುತ್ತೀರಿ, ಆದ್ದರಿಂದ ಟಾಗಲ್ಲನ್ನು (ಬ್ರೇಕ್ ಲೈನಿನ ತುದಿಯ ಹಿಡಿ) ಅಷ್ಟೇ ಎಳೆದರೂ ರೆಕ್ಕೆ ಬೇಗ ವಾಲುತ್ತದೆ, ಅಷ್ಟು ಹೊತ್ತಿನಲ್ಲಿ ಹೆಚ್ಚು ಎತ್ತರವನ್ನೂ ಕಳೆದುಕೊಳ್ಳುತ್ತದೆ. 230ರಲ್ಲಿ ನಿಮ್ಮ ಕೈ ಕಲಿತಿರುವ ಅಳತೆ 150ರಲ್ಲಿ ಸುಳ್ಳಾಗುತ್ತದೆ.

ನಮ್ಮ ವಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಿತಿಯ ಲೆಕ್ಕವಿದೆ: 1.0ರಿಂದ ಆರಂಭಿಸಿ, ಪ್ರತಿ ನೂರು ಜಿಗಿತಕ್ಕೆ 0.1 ಸೇರಿಸಬೇಕು. ಆ ಪ್ರಕಾರ 1.35 ನಿಮಗೆ ಸಲ್ಲುವುದು ಸುಮಾರು 350 ಜಿಗಿತಗಳ ಹೊತ್ತಿಗೆ. ಅದೂ ದಾಟಬಾರದ ಗೆರೆಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಇನ್ನೊಂದಿಷ್ಟು ಜಿಗಿತಗಳನ್ನು ಬಾಡಿಗೆಯ 210ರಲ್ಲಿ ಮುಗಿಸಿ, ಕೊಳ್ಳುವಾಗ 190ರ ಸುತ್ತ ಹುಡುಕಿ ಎಂದು ನಾನು ಹೇಳುತ್ತೇನೆ. 150ರ ರಿಗ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಬೇರೊಬ್ಬರ ರಿಗ್.

ವೇಗಪ್ರಿಯ:

ಇಲ್ಲಿ ನಾನು ಸ್ವಲ್ಪ ಬೇರೆ ಮಾತಾಡುವವನಿದ್ದೇನೆ, ಬೈಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ನಾನು 62ನೇ ಜಿಗಿತಕ್ಕೆ 150 ಕೊಂಡೆ, ಆಗ ನನ್ನ ವಿಂಗ್ ಲೋಡಿಂಗ್ 1.3ರ ಹತ್ತಿರವಿತ್ತು. ಇಂದು ಒಂಬೈನೂರಕ್ಕೂ ಮೇಲೆ ಜಿಗಿತಗಳಾಗಿವೆ, ಕಾಲು ಎರಡೂ ನೆಟ್ಟಗಿವೆ. ಕ್ಯಾನೊಪಿ ನಿಯಂತ್ರಣದ ಕೋರ್ಸ್ ಮಾಡಿದ್ದೆ, ಗಾಳಿ ಕೆಟ್ಟಿದ್ದ ದಿನಗಳಲ್ಲಿ ನೆಲದ ಮೇಲೇ ಕುಳಿತಿದ್ದೆ. ಎಲ್ಲರಿಗೂ ಒಂದೇ ಕೋಷ್ಟಕ ಹಿಡಿದು ಅಳೆಯುವುದು ಸರಿಯಲ್ಲ. ಕೆಲವರ ಕೈ ಬೇಗ ಕಲಿಯುತ್ತದೆ. ಮೇಲಾಗಿ ದೊಡ್ಡ ಕ್ಯಾನೊಪಿ ಎಂದರೆ ಸುರಕ್ಷಿತ ಎಂದು ತಿಳಿದವರು, ಗಾಳಿ ಜೋರಾದಾಗ ಅದೇ ಕ್ಯಾನೊಪಿ ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ತೇಲುತ್ತಾ ಮೈದಾನದಾಚೆ ಇಳಿಸುವುದನ್ನೂ ನೋಡಬೇಕು.

ಇನ್ಸ್ಟ್ರಕ್ಟರ್ ಮೇಡಂ:

ವೇಗಪ್ರಿಯ ಅವರೇ, ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ. ನಿಮ್ಮಂತೆಯೇ ಕೊಂಡವಳು ನಾನು, ನನ್ನ ಕಾಲು ಮಾತ್ರ ನೆಟ್ಟಗಿಲ್ಲ. ಅದನ್ನೇ ಹೇಳುತ್ತೇನೆ.

ನನ್ನ 71ನೇ ಜಿಗಿತ. ವಿಂಗ್ ಲೋಡಿಂಗ್ 1.25. ಆ ಕ್ಯಾನೊಪಿಯಲ್ಲಿ ಅದಾಗಲೇ ಇಪ್ಪತ್ತು ಲ್ಯಾಂಡಿಂಗ್ ಮಾಡಿದ್ದೆ, ಎಲ್ಲವೂ ಚೆನ್ನಾಗಿದ್ದವು, ಎಲ್ಲವೂ ಅದೇ ದೊಡ್ಡ ಮೈದಾನದಲ್ಲಿ, ಗಾಳಿಗೆ ಎದುರಾಗಿ. ಅಂದು ವಿಮಾನದಿಂದ ಹೊರಟ ಜಾಗ ದೂರವಾಗಿ, ಮೈದಾನಕ್ಕೆ ತಲುಪಲಾರೆ ಎಂದು ಗೊತ್ತಾಯಿತು. ಪಕ್ಕದ ಬಯಲೊಂದನ್ನು ಆರಿಸಿದೆ. ಅಲ್ಲಿಯವರೆಗೆ ನಿರ್ಧಾರ ಸರಿಯಾಗಿಯೇ ಇತ್ತು. ಮರದ ಎತ್ತರಕ್ಕೆ ಬಂದಾಗ ಎದುರಿಗೆ ತಂತಿಬೇಲಿ ಕಂಡಿತು. ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬಗಳಷ್ಟೇ ಕಾಣುತ್ತವೆ, ಕಂಬಗಳನ್ನು ನಾನು ಪೊದೆಗಳೆಂದು ಭಾವಿಸಿದ್ದೆ. ಎಡಗೈ ತಾನಾಗಿಯೇ ಟಾಗಲ್ಲನ್ನು ಎದೆಯವರೆಗೆ ಎಳೆಯಿತು. ಕ್ಯಾನೊಪಿ ಹೇಳಿದ ಮಾತು ಕೇಳಿತು, ಎಡಕ್ಕೆ ತಿರುಗಿತು, ತಿರುಗುತ್ತಲೇ ನೆಲದತ್ತ ಮುಗ್ಗರಿಸಿತು. ರೆಕ್ಕೆ ನನ್ನ ತಲೆಯ ಮೇಲೆ ಮರಳಿ ಬರುವ ಮೊದಲೇ ನೆಲ ಬಂದಿತ್ತು. ಕಣಕಾಲು ಮತ್ತು ಮೊಣಕಾಲ ಕೆಳಗಿನ ಎರಡೂ ಮೂಳೆಗಳು ಮುರಿದವು, ಎರಡು ಶಸ್ತ್ರಚಿಕಿತ್ಸೆಗಳಾದವು. ಬೇಲಿ ನನ್ನಿಂದ ಆರು ಹೆಜ್ಜೆ ದೂರದಲ್ಲಿತ್ತು. ಅದಕ್ಕೆ ನಾನು ತಾಗಲೇ ಇಲ್ಲ.

ಇದೇ ತಪ್ಪನ್ನು 0.9ರಲ್ಲಿ ಮಾಡಿದ್ದರೂ ಬಿದ್ದೇ ಬೀಳುತ್ತಿದ್ದೆ. ಆದರೆ ರೆಕ್ಕೆ ನಿಧಾನವಾಗಿ ವಾಲಿ, ಕಡಿಮೆ ಎತ್ತರ ಕಳೆದು, ಬಹುಶಃ ಉಳುಕಿದ ಕಾಲಿಗೇ ಮುಗಿಯುತ್ತಿತ್ತು. ಕ್ಯಾನೊಪಿಯ ಅಳತೆಯನ್ನು ಮೈದಾನದ ನಡುವೆ ಗಾಳಿಗೆ ಎದುರಾಗಿ ಇಳಿದ ಆ ಇಪ್ಪತ್ತು ಲ್ಯಾಂಡಿಂಗ್‌ಗಳನ್ನು ನೋಡಿ ಆರಿಸಿದ್ದೆ. ಆರಿಸಬೇಕಾಗಿದ್ದುದು ಇಪ್ಪತ್ತೊಂದನೆಯದನ್ನು ನೋಡಿ. ನಿಮ್ಮ 62ರಿಂದ 900ರವರೆಗಿನ ದಾರಿಯಲ್ಲಿ ಆ ಬೇಲಿ ಎದುರಾಗಲಿಲ್ಲ, ಸಂತೋಷ. ಅದನ್ನು ಕೌಶಲವೆಂದು ಎಣಿಸಿ ಹೊಸಬರಿಗೆ ದಾಟಿಸಬೇಡಿ.

ಇನ್ನು ಗಾಳಿಯ ಮಾತು. ದೊಡ್ಡ ಕ್ಯಾನೊಪಿ ಹಿಂದಕ್ಕೆ ತೇಲುವಷ್ಟು ಗಾಳಿಯಿದ್ದ ದಿನ ಮೂವತ್ತೆಂಟು ಜಿಗಿತದವರು ವಿಮಾನ ಹತ್ತಲೇಬಾರದು. ಅಂಥ ಗಾಳಿಯಲ್ಲಿ ಕಟ್ಟಡಗಳ, ಮರಗಳ ಹಿಂದೆ ಏಳುವ ಸುಳಿ ಎಲ್ಲ ಅಳತೆಯ ಕ್ಯಾನೊಪಿಯನ್ನೂ ಕುಗ್ಗಿಸುತ್ತದೆ.

ಹೊಸರೆಕ್ಕೆ ಅವರೇ, ನೀವು ನಿಂತು ಇಳಿದ ಎಂಟರ ಬಗ್ಗೆ ನನಗೆ ಕುತೂಹಲವಿಲ್ಲ. ಉಳಿದ ಎರಡರಲ್ಲಿ ಏನಾಯಿತು? ಒಂದು ಅಳತೆ ಕೆಳಗಿಳಿಯುವ ಮೊದಲು, ಈಗಿರುವ ಕ್ಯಾನೊಪಿಯಲ್ಲಿ ಕೆಲವನ್ನು ಮಾಡಿ ತೋರಿಸಬಲ್ಲಿರಾ ಎಂದು ನಿಮ್ಮ ಇನ್ಸ್ಟ್ರಕ್ಟರ್ ಎದುರು ಪರೀಕ್ಷಿಸಿಕೊಳ್ಳಿ. ಎರಡೂ ಬ್ರೇಕ್‌ಗಳನ್ನು ಅರ್ಧ ಹಿಡಿದುಕೊಂಡೇ, ಎತ್ತರವನ್ನು ಹೆಚ್ಚು ಕಳೆಯದೆ 90 ಡಿಗ್ರಿ ತಿರುಗುವುದು. ಇದನ್ನು ಮೊದಲು ಮೇಲೆ, ಆಲ್ಟಿಮೀಟರ್ ನೋಡುತ್ತಾ, ಹತ್ತಾರು ಸಲ ಮಾಡಬೇಕು, ಏಕೆಂದರೆ ನನ್ನ ಎಡಗೈಗೆ ಅಂದು ಗೊತ್ತಿರದಿದ್ದುದು ಇದೊಂದೇ. ಗಾಳಿ ಅಡ್ಡವಾಗಿದ್ದರೂ, ಗಾಳಿಯೇ ಇಲ್ಲದಿದ್ದರೂ ನಿಂತು ಇಳಿಯುವುದು. ಫ್ಲೇರ್ ಮಾಡುತ್ತಿರುವಾಗಲೇ ಸಣ್ಣ ಅಡೆತಡೆಯನ್ನು ತಪ್ಪಿಸಿ ತಿರುಗುವುದು. ಗುರುತು ಹಾಕಿದ ಜಾಗದಿಂದ ಹತ್ತು ಮೀಟರ್ ಒಳಗೆ ಪದೇ ಪದೇ ಇಳಿಯುವುದು. ಬ್ರೇಕ್ ಲೈನ್ ಹರಿದರೆ ಹಿಂದಿನ ರೈಸರ್‌ಗಳಿಂದಲೇ (ಲೈನ್‌ಗಳನ್ನು ಹಾರ್ನೆಸ್ಸಿಗೆ ಜೋಡಿಸುವ ಪಟ್ಟಿಗಳು) ಫ್ಲೇರ್ ಮಾಡಬಲ್ಲೆನೆಂಬ ಅಂದಾಜು ಮೇಲಿನ ಅಭ್ಯಾಸದಿಂದ ಸಿಕ್ಕಿರಬೇಕು. ಇವು ದೊಡ್ಡ ಕ್ಯಾನೊಪಿಯಲ್ಲಿ ಬಾರದಿದ್ದರೆ ಚಿಕ್ಕದರಲ್ಲಿ ತಾವಾಗಿ ಬರುವುದಿಲ್ಲ.

ಹಗುರಮೈ:

ಈ ಚರ್ಚೆಗೆ ನನ್ನದೂ ಒಂದು ಪ್ರಶ್ನೆ ಸೇರಿಸಬಹುದೇ? ನನ್ನ ಒಟ್ಟು ತೂಕ ರಿಗ್ ಸೇರಿ 61 ಕಿಲೋ, ಅಂದರೆ 134 ಪೌಂಡಿನ ಆಸುಪಾಸು. ಮೇಲಿನ ಲೆಕ್ಕದಂತೆ ನಾನು 135 ಚದರ ಅಡಿಯ ಕ್ಯಾನೊಪಿಯನ್ನು 1.0ರ ಲೋಡಿಂಗ್‌ನಲ್ಲಿ ಹಾರಿಸಬಹುದು, ಮಿತಿಯೊಳಗೇ ಇರುತ್ತೇನೆ. ನನಗಾಗಿರುವುದು 45 ಜಿಗಿತ.

ಇನ್ಸ್ಟ್ರಕ್ಟರ್ ಮೇಡಂ:

ಹಗುರಮೈ ಅವರೇ, ಲೆಕ್ಕ ಸರಿ, ತೀರ್ಮಾನ ಬೇಡ. ಹಳೆಯ ರಿಗ್ಗರ್ ಮೇಲೆ ಹೇಳಿದ ಲೈನ್‌ಗಳ ಉದ್ದದ ಮಾತು ನಿಮಗೇ ಹೆಚ್ಚು ಅನ್ವಯಿಸುತ್ತದೆ. 1.0ರಲ್ಲಿ ಹಾರುವ 135 ಮತ್ತು 1.0ರಲ್ಲಿ ಹಾರುವ 210 ಒಂದೇ ಬಗೆಯ ರೆಕ್ಕೆಗಳಲ್ಲ. ಮೊದಲನೆಯದು ಎಷ್ಟೋ ಚುರುಕು. ಆದ್ದರಿಂದ ಹಗುರವಾಗಿರುವವರು 1.0ಕ್ಕಿಂತ ಸಾಕಷ್ಟು ಕೆಳಗೇ ಆರಂಭಿಸಬೇಕು. 170ರಲ್ಲಿ ನಿಮ್ಮದು 0.79, 150ರಲ್ಲಿ 0.9. ಈಗ 170, ಮುಂದೆ 150, ಅಲ್ಲಿ ಬಹುಕಾಲ ನಿಲ್ಲಿ. ಗಾಳಿಯ ಮಿತಿಯನ್ನು ಮಾತ್ರ ಗೆಳತಿಯರಿಗಿಂತ ಕಡಿಮೆ ಇಟ್ಟುಕೊಳ್ಳಬೇಕಾಗುತ್ತದೆ. ಅದು ಬೇಸರದ ಸಂಗತಿಯೇ.

ಹೊಸರೆಕ್ಕೆ:

ಎಲ್ಲರಿಗೂ ಕೃತಜ್ಞತೆಗಳು. ಮೇಡಂ, ಆ ಎರಡು ಲ್ಯಾಂಡಿಂಗ್‌ಗಳಲ್ಲೂ ಗಾಳಿ ಇರಲಿಲ್ಲ. ನೆಲ ಬೇಗ ಬರುತ್ತಿದೆ ಎನಿಸಿ ಎರಡು ಸಲವೂ ಎತ್ತರದಲ್ಲೇ ಫ್ಲೇರ್ ಮಾಡಿದೆ, ಮೊಣಕಾಲೂರಿ ಬಿದ್ದೆ. ಇದನ್ನು ಬರೆಯುವಾಗಲೇ ಉತ್ತರ ಗೊತ್ತಾಗುತ್ತಿದೆ.

ಆದರೂ ಒಂದು ಅಡ್ಡದಾರಿ ಕೇಳುತ್ತೇನೆ. ಅದೇ ಕಂಟೇನರ್ ಕೊಂಡು, ಒಳಗೆ 190ರ ಕ್ಯಾನೊಪಿಯನ್ನು ತುರುಕಿ ಒಂದು ವರ್ಷ ಹಾರಿ, ಆಮೇಲೆ 150 ಹಾಕಿಕೊಂಡರೆ ಆಗದೇ?

ಹಳೆಯ ರಿಗ್ಗರ್:

ಆಗದು. ಈ ಪ್ರಶ್ನೆ ಬಂದೇ ಬರುತ್ತದೆಂದು ಕಾಯುತ್ತಿದ್ದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಂಟೇನರ್ ಎಂಬುದು ಹೆಗಲಿಗೆ ಹಾಕುವ ಚೀಲದಂತೆ ಕಂಡರೂ ಅದರ ಪ್ರತಿ ಅರೆಯನ್ನೂ ಒಂದು ನಿರ್ದಿಷ್ಟ ಗಾತ್ರದ ಬಟ್ಟೆಗಾಗಿ ಹೊಲಿದಿರುತ್ತಾರೆ. ಸಾಮಾನ್ಯವಾಗಿ ಒಂದು ಕಂಟೇನರ್ ಅಕ್ಕಪಕ್ಕದ ಎರಡು ಅಳತೆಗಳನ್ನು ಒಪ್ಪಿಕೊಳ್ಳುತ್ತದೆ: 190 ಬಿಗಿಯಾಗಿ, 170 ಸಲೀಸಾಗಿ ಎಂಬಂತೆ. 150ಕ್ಕೆ ಹೊಲಿದುದರಲ್ಲಿ 190 ತುರುಕಿದರೆ ಮುಚ್ಚಲು ಮಂಡಿಯೂರಿ ಒದ್ದಾಡಬೇಕು, ಮೂಲೆಗಳು ಕಲ್ಲಿನಂತಾಗಿ ಕ್ಯಾನೊಪಿ ಮಡಚಿಟ್ಟ ಬ್ಯಾಗ್ ಹೊರಬರುವಾಗ ಸಿಕ್ಕಿಕೊಳ್ಳುವ ಅಪಾಯವಿದೆ, ಕಂಟೇನರನ್ನು ಮುಚ್ಚಿ ಹಿಡಿಯುವ ಪಿನ್ ಎಳೆಯಲು ಬೇಕಾದ ಬಲವೂ ಏರುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ: ದೊಡ್ಡ ಕಂಟೇನರಿನಲ್ಲಿ ಚಿಕ್ಕ ಕ್ಯಾನೊಪಿ ಇಟ್ಟಾಗ ಆ ಪಿನ್ ತೂರಿಸುವ ಕ್ಲೋಸಿಂಗ್ ಲೂಪ್ ಸಡಿಲವಾಗುತ್ತದೆ, ವಿಮಾನದ ಬಾಗಿಲಿಗೆ ಬೆನ್ನು ಉಜ್ಜಿದರೂ ಪಿನ್ ಜಾರಬಹುದು. ಲೂಪ್ ಅಂದರೆ ಕಿರುಬೆರಳಿನ ಉದ್ದದ ಒಂದು ದಾರ. ಇಡೀ ರಿಗ್ಗಿನಲ್ಲಿ ಅದಕ್ಕಿಂತ ಅಗ್ಗದ ವಸ್ತುವಿಲ್ಲ, ಆದರೂ ಅದು ಎಳೆ ಬಿಟ್ಟ ಮೇಲೂ ಬದಲಿಸದವರನ್ನು ನಾನು ದಿನಾ ನೋಡುತ್ತೇನೆ.

ಮುಂದಿನದು ರಿಸರ್ವ್. ನೀವು ಅದರ ಬಗ್ಗೆ ಕೇಳಲೇ ಇಲ್ಲ, ಯಾರೂ ಕೇಳುವುದಿಲ್ಲ. ನಿಮ್ಮ 203 ಪೌಂಡನ್ನು 143ರಿಂದ ಭಾಗಿಸಿ ನೋಡಿ, 1.42 ಬರುತ್ತದೆ. ರಿಸರ್ವ್ ತೆರೆಯುವ ದಿನ ನೀವು ಈಗಾಗಲೇ ಒಂದು ಗಂಡಾಂತರದಿಂದ ಹೊರಬಂದಿರುತ್ತೀರಿ, ಎತ್ತರ ಕಡಿಮೆಯಿರುತ್ತದೆ, ಕೆಳಗಿನ ಜಾಗ ನೀವು ಆರಿಸಿದ್ದಾಗಿರುವುದಿಲ್ಲ. ಅದು ಏಳು ಸೆಲ್ಲಿನದು, ಗಾಳಿಯನ್ನು ತುಸು ಬಿಟ್ಟುಕೊಡುವ ಬಟ್ಟೆಯದು. ಮುಖ್ಯ ಕ್ಯಾನೊಪಿಯಂತೆ ಉದ್ದಕ್ಕೆ ಸಾಗುವ ಫ್ಲೇರನ್ನು ಅದರಿಂದ ನಿರೀಕ್ಷಿಸಬೇಡಿ. ಎಎಡಿ ತೆರೆದ ಸಂದರ್ಭವಾದರೆ ನಿಮಗೆ ಪ್ರಜ್ಞೆಯೇ ಇಲ್ಲದಿರಬಹುದು, ಫ್ಲೇರ್ ಮಾಡುವವರೇ ಇರುವುದಿಲ್ಲ. ಎರಡೂ ಕ್ಯಾನೊಪಿಗಳು ಒಟ್ಟಿಗೆ ತೆರೆದುಕೊಂಡಾಗಲೂ ಅವುಗಳ ಅಳತೆ ಹತ್ತಿರವಿದ್ದರೆ ಒಂದರ ಹಿಂದೊಂದು ಶಾಂತವಾಗಿ ಹಾರುವ ಸಾಧ್ಯತೆ ಹೆಚ್ಚು. ಆದ್ದರಿಂದ ಮೊದಲ ರಿಗ್ಗಿನಲ್ಲಿ ರಿಸರ್ವ್ ಮುಖ್ಯ ಕ್ಯಾನೊಪಿಯಷ್ಟೇ ಇರಲಿ. ನಿಮ್ಮ ತೂಕಕ್ಕೆ 193 ಅಥವಾ ಅದರ ಮೇಲಿನ 218. ಕಂಟೇನರ್ ಸ್ವಲ್ಪ ದಪ್ಪ ಕಾಣುತ್ತದೆ, ಕಾಣಲಿ.

ಹಳೆಯ ರಿಸರ್ವ್ ಆಗಿದ್ದರೆ ಅದರ ಮೇಲಿನ ಪಟ್ಟಿಯನ್ನು ಓದಿ. ತಯಾರಕ ಕಂಪನಿಯಾದ ಪರ್ಫಾರ್ಮೆನ್ಸ್ ಡಿಸೈನ್ಸ್ ತನ್ನ ರಿಸರ್ವ್‌ಗಳನ್ನು 40 ಸಲ ಮಡಚಿದ ಮೇಲೆ ಅಥವಾ 25 ಸಲ ತೆರೆದ ಮೇಲೆ ಪರೀಕ್ಷೆಗೆ ತನಗೇ ಕಳುಹಿಸಬೇಕೆಂದು ಕೇಳುತ್ತದೆ. ಪ್ರತಿ ಸಲವೂ ರಿಗ್ಗರ್ ಆ ಪಟ್ಟಿಯಲ್ಲೇ ಗುರುತು ಮಾಡುತ್ತಾರೆ. ಗುರುತುಗಳನ್ನು ಎಣಿಸಿದರೆ ಮಾರುವವರು ಹೇಳದ ಚರಿತ್ರೆ ತಿಳಿಯುತ್ತದೆ.

ಎಎಡಿ ಬಗ್ಗೆ ಎರಡು ಮಾತು. 1991ರಲ್ಲಿ ಸೈಪ್ರೆಸ್ ಎಂಬ ಎಎಡಿ ಬಂದ ಮೇಲೆ, ಪ್ರಜ್ಞೆ ತಪ್ಪಿದವರೂ ಎತ್ತರ ಮರೆತವರೂ ಬದುಕಿ ಬಂದಿದ್ದಾರೆ. ಇದಿಲ್ಲದ ಮೊದಲ ರಿಗ್ಗನ್ನು ನಾನು ಒಪ್ಪುವುದಿಲ್ಲ. ಆದರೆ ಮೋಡ್ ಯಾವುದೆಂದು ನೋಡಬೇಕು. ಸೈಪ್ರೆಸ್‌ನ ಎಕ್ಸ್‌ಪರ್ಟ್ ಮೋಡ್ ನೆಲದಿಂದ ಸುಮಾರು 750 ಅಡಿ ಎತ್ತರದಲ್ಲಿ, ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ ಮಾತ್ರ ರಿಸರ್ವ್ ತೆರೆಸುತ್ತದೆ. ಸ್ಟೂಡೆಂಟ್ ಮೋಡ್‌ಗೆ ಸೆಕೆಂಡಿಗೆ 13 ಮೀಟರ್ ಸಾಕು; ತೆರೆದ ಕ್ಯಾನೊಪಿಯ ಕೆಳಗೆ ಕೆಳಮಟ್ಟದಲ್ಲಿ ಜೋರಾಗಿ ಸುತ್ತಿದರೂ ಆ ವೇಗ ಬಂದುಬಿಡುತ್ತದೆ. ತರಬೇತಿ ಕೇಂದ್ರದ ಹಳೆಯ ಘಟಕವನ್ನು ಕೊಳ್ಳುವವರು ಇದನ್ನು ಗಮನಿಸಬೇಕು. ತಯಾರಕರು ನಿಗದಿಪಡಿಸಿದ ಆಯಸ್ಸು ಮುಗಿದ ಎಎಡಿಗೆ ಬೆಲೆಯೇ ಇಲ್ಲವೆಂದು ಎಣಿಸಿ.

ಹಾರ್ನೆಸ್ ವಿಷಯದಲ್ಲಿ ಮಾರುವವರ ಎತ್ತರವೇ ನಿಮ್ಮದೂ ಆಗಿದ್ದರೆ ಸಾಲದು, ಮುಂಡದ ಉದ್ದ ಹೊಂದಬೇಕು. ರಿಗ್ ತೊಟ್ಟು, ರೈಸರ್‌ಗಳನ್ನು ತೊಲೆಗೆ ಕಟ್ಟಿಸಿಕೊಂಡು ನೇತಾಡಿ ನೋಡಿ. ಹಾರ್ನೆಸ್ ಉದ್ದವಾಗಿದ್ದರೆ ರೈಸರನ್ನು ಹಾರ್ನೆಸ್ಸಿಗೆ ಜೋಡಿಸುವ ಮೂರು ಉಂಗುರಗಳು ಕೊರಳ ಮೂಳೆಯ ಬಳಿ ನಿಲ್ಲದೆ ಕಿವಿಯ ಪಕ್ಕಕ್ಕೆ ಏರುತ್ತವೆ, ಎದೆಪಟ್ಟಿ ಗದ್ದದ ಕೆಳಗೆ ಬರುತ್ತದೆ, ಟಾಗಲ್‌ಗಳು ಕೈಗೆ ನಿಲುಕದಷ್ಟು ಮೇಲಾಗುತ್ತವೆ. ಆ ಸ್ಥಿತಿಯಲ್ಲೇ ಮುಖ್ಯ ಕ್ಯಾನೊಪಿಯನ್ನು ಕಳಚುವ ಬಲಗಡೆಯ ಕಟ್‌ಅವೇ ಹಿಡಿ, ಎಡಗಡೆಯ ರಿಸರ್ವ್ ಹಿಡಿ ಎರಡನ್ನೂ ನೋಡಿ ಮುಟ್ಟಬಲ್ಲಿರಾ ಎಂದು ಪರೀಕ್ಷಿಸಿ.

ವೇಗಪ್ರಿಯ:

ಮೇಡಂ ಬರೆದುದನ್ನು ಎರಡು ಸಲ ಓದಿದೆ. 62ನೇ ಜಿಗಿತಕ್ಕೆ 150 ಕೊಂಡೆನೆಂದು ಹೊಸಬರ ಮುಂದೆ ಇನ್ನು ಹೇಳುವುದಿಲ್ಲ. ಎಲ್ಲರ ಕೈ ಒಂದೇ ವೇಗದಲ್ಲಿ ಕಲಿಯುವುದಿಲ್ಲ ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುತ್ತಿಲ್ಲ.

ಅಳತೆಯ ಗದ್ದಲದಲ್ಲಿ ಕ್ಯಾನೊಪಿಯ ಆಕಾರದ ಮಾತು ಮರೆತೇಹೋಗಿದೆ. ಅಂಚುಗಳು ಪೂರ್ತಿ ಅಂಡಾಕಾರವಾಗಿರುವ, ಸ್ಟಿಲೆಟ್ಟೊದಂತಹ ಕ್ಯಾನೊಪಿಗಳು 190ರ ಅಳತೆಯಲ್ಲಿ ಸಿಕ್ಕರೂ ಮೊದಲ ರಿಗ್ಗಿಗೆ ಬೇಡ. ಲೈನ್ ಸುತ್ತಿಕೊಂಡಾಗ ಅವು ತಿರುಗಲಾರಂಭಿಸಿದರೆ ನಿಲ್ಲುವುದಿಲ್ಲ. ತುಸುವೇ ಮೊನಚಾದ ಒಂಬತ್ತು ಸೆಲ್ಲಿನವು, ಸೇಬರ್ 2, ಪೈಲಟ್, ಸಫೈರ್ 2 ಈ ಸಾಲಿನವು, ಹೊಸಬರಿಗೂ ಸಲ್ಲುತ್ತವೆ, ಮುಂದೆಯೂ ಬೇಸರ ತರಿಸುವುದಿಲ್ಲ. ಸ್ಪೆಕ್ಟರ್‌ನಂತಹ ಏಳು ಸೆಲ್ಲಿನದು ಮೆತ್ತಗೆ ತೆರೆದುಕೊಳ್ಳುತ್ತದೆ, ಅದೇ ಅಳತೆಗೆ ಕಡಿಮೆ ಜಾಗ ಹಿಡಿಯುತ್ತದೆ, ಆದರೆ ಒಂಬತ್ತರಷ್ಟು ದೂರ ತೇಲುವುದಿಲ್ಲ. ಮೈದಾನಕ್ಕೆ ತಲುಪಲಾರದ ದಿನ ಆ ವ್ಯತ್ಯಾಸ ತಿಳಿಯುತ್ತದೆ.

ಬಟ್ಟೆ ಜೀರೋ ಪೊರಾಸಿಟಿಯದೇ (ಗಾಳಿ ಸೋರದಂಥದ್ದೇ) ಇರಲಿ. ಎಫ್-111 ಬಟ್ಟೆಯ ಹಳೆಯ ಮುಖ್ಯ ಕ್ಯಾನೊಪಿಗಳು ಕೆಲವು ನೂರು ಜಿಗಿತಗಳಲ್ಲಿ ಗಾಳಿ ಸೋರಿಸಿ, ಫ್ಲೇರಿನ ಕಸುವನ್ನೇ ಕಳೆದುಕೊಳ್ಳುತ್ತವೆ. ಹೊಚ್ಚಹೊಸ ಜೀರೋ ಪೊರಾಸಿಟಿ ಬಟ್ಟೆಯೂ ಬೇಡ ಎನ್ನುತ್ತೇನೆ, ಕಾರಣ ಬೇರೆ: ಮಡಚುವಾಗ ಅದು ತೋಳಿನಿಂದ ಹಿಡಿದ ಮೀನಿನಂತೆ ಜಾರುತ್ತದೆ. ಮುನ್ನೂರು ಜಿಗಿತ ಕಂಡ ಬಟ್ಟೆ ಹೇಳಿದ ಹಾಗೆ ಕೇಳುತ್ತದೆ.

ಹೊಸರೆಕ್ಕೆ:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. 150ರ ರಿಗ್ಗನ್ನು ಬೇಡವೆಂದೆ. ಬಾಡಿಗೆಯ 210ರಲ್ಲಿ 24 ಜಿಗಿತ, 190ರಲ್ಲಿ 9 ಜಿಗಿತ ಆದವು. ಅರ್ಧ ಬ್ರೇಕಿನಲ್ಲಿ ತಿರುಗುವುದನ್ನು ಮೊದಲ ಸಲ ಮೇಲೆ ಮಾಡಿದಾಗ ನನಗೆ ಆಶ್ಚರ್ಯವಾಯಿತು; ದಿಗಂತ ಮಾತ್ರ ತಿರುಗುತ್ತಿತ್ತು, ಬೀಳುತ್ತಿರುವ ಭಾವವೇ ಇರಲಿಲ್ಲ. ಗಾಳಿಯಿಲ್ಲದ ದಿನದ ಲ್ಯಾಂಡಿಂಗ್ ಇನ್ನೂ ನನಗೆ ಅಂಜಿಕೆಯೇ, ಆದರೆ ಕಣ್ಣನ್ನು ಕಾಲ ಕೆಳಗಿನ ನೆಲದಿಂದ ಮುಂದಕ್ಕೆ ಹಾಯಿಸಿದ ಮೇಲೆ ಬೇಗ ಫ್ಲೇರ್ ಮಾಡುವುದು ನಿಂತಿದೆ.

ಈಗ ಬೇರೊಂದು ಹಳೆಯ ರಿಗ್ ಸಿಕ್ಕಿದೆ: ಅರೆ ಅಂಡಾಕಾರದ 190, ರಿಸರ್ವ್ 193, ಕಂಟೇನರ್ 190 ಮತ್ತು 170 ಎರಡನ್ನೂ ಹಿಡಿಯುವಂಥದ್ದು. ಮುಂಡದ ಅಳತೆ ನನಗೆ ಹೊಂದುತ್ತದೆ. ಹಣ ಕೊಡುವ ಮೊದಲು ಮಾರುವವರಿಗೆ ಸಂಬಂಧವಿಲ್ಲದ ರಿಗ್ಗರ್ ಒಬ್ಬರಿಗೆ ತೋರಿಸಿದೆ. ಅವರು ಕ್ಯಾನೊಪಿಯ ಬಟ್ಟೆ, ರಿಸರ್ವ್ ಪಟ್ಟಿ, ಎಎಡಿ ಎಲ್ಲ ಚೆನ್ನಾಗಿವೆ ಎಂದರು, ಆದರೆ ಬ್ರೇಕ್ ಲೈನ್‌ಗಳು ಗಿಡ್ಡವಾಗಿವೆ ಎಂದು ಅವನ್ನು ಬದಲಿಸಲು ಹೇಳಿದರು. ಬಳಸಿದಂತೆ ಲೈನ್ ಉದ್ದವಾಗಬೇಕಲ್ಲವೇ, ಗಿಡ್ಡವಾಗುವುದೇಕೆ?

ಹಳೆಯ ರಿಗ್ಗರ್:

ನಿಮ್ಮ ಕ್ಯಾನೊಪಿಯ ಲೈನ್‌ಗಳು ಸ್ಪೆಕ್ಟ್ರಾ ಆಗಿರಬೇಕು. ಸ್ಪೆಕ್ಟ್ರಾ ಬಿಸಿಗೆ ಕುಗ್ಗುವ ನೂಲು. ಪ್ರತಿ ಸಲ ಕ್ಯಾನೊಪಿ ತೆರೆಯುವಾಗ ಸ್ಲೈಡರ್ ಎಂಬ ಬಟ್ಟೆಯ ತುಂಡು ಲೈನ್‌ಗಳನ್ನು ಉಜ್ಜುತ್ತಾ ಕೆಳಗಿಳಿಯುತ್ತದೆ, ಆ ಉಜ್ಜಾಟದ ಬಿಸಿ ಹೊರಸಾಲಿನ ಲೈನ್‌ಗಳಿಗೂ ಬ್ರೇಕ್ ಲೈನ್‌ಗಳಿಗೂ ಹೆಚ್ಚು ತಗಲುತ್ತದೆ. ನೂರಾರು ಜಿಗಿತಗಳಲ್ಲಿ ಅವು ಅಂಗುಲಗಳ ಲೆಕ್ಕದಲ್ಲಿ ಗಿಡ್ಡವಾಗುತ್ತವೆ, ನಡುಸಾಲಿನವು ಹೆಚ್ಚುಕಡಿಮೆ ಮೊದಲಿದ್ದಂತೆಯೇ ಉಳಿಯುತ್ತವೆ. ಆಗ ನೀವು ಟಾಗಲ್ ಪೂರ್ತಿ ಮೇಲೆ ಬಿಟ್ಟಿದ್ದರೂ ರೆಕ್ಕೆಯ ಹಿಂಬದಿ ಅಂಚು ತುಸು ಕೆಳಕ್ಕೆ ಎಳೆದೇ ಇರುತ್ತದೆ, ಕ್ಯಾನೊಪಿ ಸದಾ ಬ್ರೇಕ್ ಹಾಕಿಕೊಂಡೇ ಹಾರುತ್ತದೆ, ವೇಗ ಕೂಡದೆ ಫ್ಲೇರಿಗೆ ಬಲ ಸಿಗುವುದಿಲ್ಲ. ವೆಕ್ಟ್ರಾನ್ ಮತ್ತು ಎಚ್‌ಎಂಎ ಹೀಗೆ ಕುಗ್ಗುವುದಿಲ್ಲ, ಬದಲಿಗೆ ಸವೆದು ಹಠಾತ್ತನೆ ಹರಿಯುತ್ತವೆ. ಡಾಕ್ರಾನ್ ದಪ್ಪ, ಮೆತ್ತಗೆ ತೆರೆಸುತ್ತದೆ, ಹೆಚ್ಚು ಜಾಗ ಹಿಡಿಯುತ್ತದೆ.

ಹೊರಸಾಲನ್ನೂ ಅಳೆಸಿದಿರಾ? ಬ್ರೇಕ್ ಲೈನ್ ಕುಗ್ಗಿದ್ದರೆ ಅದೂ ಕುಗ್ಗಿರುತ್ತದೆ. ತಯಾರಕರ ಅಳತೆಪಟ್ಟಿಗೆ ಹೋಲಿಸಿ, ವ್ಯತ್ಯಾಸ ಹೆಚ್ಚಿದ್ದರೆ ಪೂರ್ತಿ ಲೈನ್‌ಗಳನ್ನೇ ಬದಲಿಸಿಕೊಳ್ಳಿ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಲು ನಿಮಗೆ ಹಕ್ಕಿದೆ. ಜೊತೆಗೆ ರೈಸರ್‌ಗಳ ಒಳಗೆ ಕಟ್‌ಅವೇ ಕೇಬಲ್‌ನ ತುದಿ ಹೋಗುವ ಜಾಗದಲ್ಲಿ ಗಟ್ಟಿ ಕೊಳವೆ ಇದೆಯೇ ನೋಡಿ. ಅದಿಲ್ಲದ ಹಳೆಯ ರೈಸರ್‌ಗಳು ಲೈನ್‌ಗಳೊಡನೆ ಸುತ್ತಿಕೊಂಡರೆ ಕೇಬಲ್ಲನ್ನು ಹಿಸುಕಿ ಹಿಡಿಯಬಹುದು. 1970ರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ಮೂರು ಉಂಗುರಗಳ ಬಿಡುಗಡೆ ಎಷ್ಟೇ ಜಾಣತನದ್ದಾಗಿದ್ದರೂ, ಕೇಬಲ್ ಜಾರದಿದ್ದರೆ ಉಂಗುರ ಬಿಚ್ಚಿಕೊಳ್ಳದು. ತಿಂಗಳಿಗೊಮ್ಮೆ ಅದನ್ನು ನೆಲದ ಮೇಲೆ ಬಿಚ್ಚಿ, ಕೇಬಲ್ ಒರೆಸಿ, ರೈಸರ್ ಪಟ್ಟಿಯನ್ನು ಕೈಯಲ್ಲಿ ಬಾಗಿಸಿ ಮೆದುಗೊಳಿಸಿ ಮತ್ತೆ ಜೋಡಿಸುವುದನ್ನು ಈಗಲೇ ಕಲಿತುಬಿಡಿ.

ಹೊಸ ಲೈನ್ ಹಾಕಿಸಿದ ಮೇಲೆ ಮೊದಲ ಜಿಗಿತದಲ್ಲಿ, ಎತ್ತರ ಇರುವಾಗಲೇ, ಟಾಗಲ್‌ಗಳನ್ನು ಪೂರ್ತಿ ಮೇಲೆ ಬಿಟ್ಟು ತಲೆಯೆತ್ತಿ ಹಿಂದಕ್ಕೆ ನೋಡಿ. ಬ್ರೇಕ್ ಲೈನ್‌ಗಳು ಬಿಗಿದು ನೆಟ್ಟಗಿರಬಾರದು, ಗಾಳಿಗೆ ಬಿಲ್ಲಿನಂತೆ ಬಾಗಿರಬೇಕು.

ಹೊಸರೆಕ್ಕೆ:

ಹೊರಸಾಲೂ ಎರಡೂವರೆ ಅಂಗುಲ ಕುಗ್ಗಿತ್ತು. ಪೂರ್ತಿ ಲೈನ್ ಬದಲಾಯಿತು, ರೈಸರ್‌ಗಳೂ ಬದಲಾದವು. ನಿನ್ನೆ ಮೂರು ಸಾವಿರ ಅಡಿಯಲ್ಲಿ ಟಾಗಲ್ ಮೇಲೆ ಬಿಟ್ಟು ನೋಡಿದೆ. ಎರಡೂ ಬದಿಯ ಬ್ರೇಕ್ ಲೈನ್‌ಗಳು ಸಮನಾಗಿ ಹಿಂದಕ್ಕೆ ಬಾಗಿದ್ದವು. ಗಾಳಿ ಇರಲಿಲ್ಲ. ನಾಲ್ಕು ಹೆಜ್ಜೆ ಓಡಿ ನಿಂತೆ.